ಇಂಜಿನ್ನಿನ ಪ್ಯಾಕಿಂಗುಗಳನ್ನು ಮನೆಯಲ್ಲಿಯೇ ಕತ್ತರಿಸಿಕೊಳ್ಳುವ ಕ್ರಮ

ಮಳೆಗಾಲ ಹತ್ತಿರ ಬರುತ್ತಿದ್ದಂತೆ ನಮ್ಮ ಸದಸ್ಯರೆಲ್ಲರ ಮನೆಯಲ್ಲಿಯೂ ಕೆಲಸಗಳ ಪಟ್ಟಿಯೊಂದು ತಾನಾಗಿಯೇ ತಯಾರಾಗುತ್ತದೆ. ಬಸಿಗಾಲುವೆ ಬಿಡಿಸಬೇಕು, ಕಾಫಿಯ ನೆರಳು ಮರ ಸವರಿಸಬೇಕು, ಮೈಲುತುತ್ತ ಮತ್ತು ಸುಣ್ಣ ತಂದಿಟ್ಟುಕೊಳ್ಳಬೇಕು, ಸೌದೆ ಒಳಗೆ ಸೇರಿಸಬೇಕು. ಈ ಪಟ್ಟಿಯಲ್ಲಿ ವಾಹನದ ಇಂಜಿನ್ನು ಬರುವುದು ಅಪರೂಪ. ಓಡುತ್ತಿರುವವರೆಗೆ ಅದನ್ನು ಯಾರೂ ಕೇಳುವುದಿಲ್ಲ. ಓಡದಿದ್ದ ದಿನ ಮಾತ್ರ ಮನೆಮಂದಿಯೆಲ್ಲ ಅದರ ಸುತ್ತ ನಿಲ್ಲುತ್ತಾರೆ.

ನಾನು ಈ ಲೇಖನವನ್ನು ಬರೆಯಲು ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ಪಕ್ಕದ ಮನೆಯ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡು ಅವರನ್ನು ನನ್ನ ಹಳೆಯ ಪೆಟ್ರೋಲ್ ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ಇಂಜಿನ್ನಿನ ತಲೆಯಿಂದ ರೇಡಿಯೇಟರಿಗೆ ನೀರು ಹೋಗುವ ಕಡೆ ಇರುವ ಥರ್ಮೋಸ್ಟ್ಯಾಟ್ ಮುಚ್ಚಳದ ಪ್ಯಾಕಿಂಗು ಹರಿದು ನೀರೆಲ್ಲ ಹೊರಗೆ ಹೋಗಿತ್ತು. ಅದು ಮೂರು ದಿನಗಳಿಂದ ತೊಟ್ಟಿಕ್ಕುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ, ಭಾನುವಾರ ಮಾಡಿದರಾಯಿತು ಎಂದು ಬಿಟ್ಟಿದ್ದೆ.

ಗಾಡಿಯೊಳಗೆ ಇದ್ದ ಕಾಗದವೆಂದರೆ ಯಾರದೋ ಮನೆಯ ಲಗ್ನಪತ್ರಿಕೆ. ಇಂಜಿನ್ನು ಕೈ ಮುಟ್ಟುವಷ್ಟು ತಣಿಯುವವರೆಗೆ ಕಾದು, ಮುಚ್ಚಳ ಬಿಚ್ಚಿ, ಅದರ ಮುಖಕ್ಕೆ ಗ್ರೀಸ್ ಸವರಿ ಪತ್ರಿಕೆಯ ಮೇಲೆ ಒತ್ತಿದೆ. ಬಿದ್ದ ಗುರುತಿನ ಮೇಲೆ ಪೆನ್ ಚಾಕುವಿನಿಂದ ಕತ್ತರಿಸಿ, ಎರಡು ಕಡೆಗೂ ಗ್ರೀಸ್ ಹಚ್ಚಿ ಕೂರಿಸಿದೆ. ಜೊತೆಗಿದ್ದ ಆಳು ತನ್ನ ಹಾಳೆಟೊಪ್ಪಿಯಲ್ಲಿ ಚರಂಡಿಯ ನೀರನ್ನು ಮೊಗೆಮೊಗೆದು ಕೊಟ್ಟ. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಹಿಂದಿನ ಸೀಟಿನಲ್ಲಿ ಆ ಹಿರಿಯರು ಉಸಿರು ಎಳೆಯುತ್ತಿದ್ದ ಶಬ್ದ ನನಗೆ ಈಗಲೂ ಕೇಳುತ್ತದೆ. ಅವರು ಬದುಕಿದರು. ಲಗ್ನಪತ್ರಿಕೆಯ ಪ್ಯಾಕಿಂಗು ದೀಪಾವಳಿಯವರೆಗೆ ಒಂದು ಹನಿ ನೀರು ಬಿಡಲಿಲ್ಲ.

ಹೊಸ ಗಾಡಿಗಳನ್ನು ಇಟ್ಟುಕೊಂಡಿರುವ ಸದಸ್ಯರಿಗೆ ಈ ಪಾಠದ ಅಗತ್ಯ ಅಷ್ಟಾಗಿ ಬೀಳಲಾರದು. ಆದರೆ ನಮ್ಮ ಕಡೆಯ ಕೊಟ್ಟಿಗೆಗಳಲ್ಲಿ ಹರಿಕೇನ್ ಇಂಜಿನ್ನಿನ ಪೆಟ್ರೋಲ್ ಜೀಪು, ಪೆಜೋ ಡೀಸೆಲ್ ಇಂಜಿನ್ನಿನ ಜೀಪು, 1489 ಸಿ.ಸಿ.ಯ ಹಳೆಯ ಅಂಬಾಸಿಡರ್ ಇವು ಇನ್ನೂ ಬದುಕಿವೆ. ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಅದರ ಸಣ್ಣಪುಟ್ಟ ಪ್ಯಾಕಿಂಗು ಕೇಳಿದರೆ ಅಂಗಡಿಯವರು ಇಡೀ ಸೆಟ್ಟನ್ನೇ ಕೊಳ್ಳಿರಿ ಎನ್ನುತ್ತಾರೆ, ಇಲ್ಲವೆ ತಲೆ ಅಲ್ಲಾಡಿಸುತ್ತಾರೆ. ನೀರೆತ್ತುವ ಮತ್ತು ಔಷಧಿ ಹೊಡೆಯುವ ಇಂಜಿನ್ನುಗಳ ಕಥೆಯೂ ಇದೇ. ಕೊಳೆರೋಗದ ಮದ್ದು ಹೊಡೆಯಲು ಮಳೆ ಬಿಡುವು ಕೊಡುವುದು ಎರಡು ದಿನ. ಆ ಎರಡು ದಿನವೂ ಪೇಟೆಯಲ್ಲಿ ಹತ್ತು ರೂಪಾಯಿಯ ಕಾಗದ ಹುಡುಕುತ್ತ ಕಳೆದುಹೋದರೆ ಮರದ ಮೇಲಿನ ಕಾಯಿ ನಮ್ಮ ಲೆಕ್ಕದಿಂದ ಹೋಯಿತೆಂದೇ ತಿಳಿಯಬೇಕು.

ಪ್ಯಾಕಿಂಗಿನ ಕೆಲಸವೇನು?

ಪುಸ್ತಕದಲ್ಲಿ ಗ್ಯಾಸ್ಕೆಟ್ ಎಂದು ಬರೆದಿರುವುದನ್ನೇ ನಾವು ಪ್ಯಾಕಿಂಗು ಎನ್ನುತ್ತೇವೆ. ಎರಡು ಲೋಹದ ಮುಖಗಳನ್ನು ಎಷ್ಟೇ ನಯವಾಗಿ ಕಡೆದಿದ್ದರೂ ಭೂತಗನ್ನಡಿಯಲ್ಲಿ ನೋಡಿದರೆ ಅವು ಉತ್ತ ಗದ್ದೆಯಂತೆ ಕಾಣುತ್ತವೆ. ಈ ಸಾಲುಗಳ ನಡುವೆ ಎಣ್ಣೆ, ನೀರು ಅಥವಾ ಗಾಳಿ ದಾರಿ ಮಾಡಿಕೊಳ್ಳುತ್ತದೆ. ಮೆತ್ತನೆಯ ಹಾಳೆಯೊಂದನ್ನು ನಡುವೆ ಇಟ್ಟು ಬೋಲ್ಟುಗಳಿಂದ ಬಿಗಿದಾಗ ಅದು ತಗ್ಗುಗಳಿಗೆ ಇಳಿದು ದಾರಿಯನ್ನು ಮುಚ್ಚುತ್ತದೆ. ಅಂದರೆ ಸೋರಿಕೆಯನ್ನು ತಡೆಯುವುದು ನಿಜವಾಗಿ ಬೋಲ್ಟಿನ ಬಿಗಿ. ಹಾಳೆ ತಗ್ಗು ತುಂಬುವುದಕ್ಕೆ ಮಾತ್ರ. ಆದುದರಿಂದ ದಪ್ಪ ಹಾಕಿದಷ್ಟೂ ಒಳ್ಳೆಯದೆಂಬ ನಮ್ಮ ಸಾಮಾನ್ಯ ನಂಬಿಕೆ ತಪ್ಪು. ಮುಖಗಳು ಸಮನಾಗಿದ್ದರೆ ತೆಳುವಾದ ಹಾಳೆಯೇ ಹೆಚ್ಚು ಕಾಲ ಬಾಳುತ್ತದೆ. ದಪ್ಪನೆಯದು ಕಾಲಕ್ರಮದಲ್ಲಿ ಕುಗ್ಗುತ್ತದೆ. ಅದು ಕುಗ್ಗಿದಂತೆ ಬೋಲ್ಟು ಸಡಿಲವಾಗುತ್ತದೆ.

ಯಾವುದನ್ನು ಮಾಡಬಹುದು, ಯಾವುದನ್ನು ಮುಟ್ಟಬಾರದು

ಮೊದಲು ಬೇಡವಾದುದನ್ನು ಹೇಳಿಬಿಡುತ್ತೇನೆ. ಸಿಲಿಂಡರ್ ತಲೆಯ ಕೆಳಗಿನ ಹೆಡ್ ಪ್ಯಾಕಿಂಗನ್ನು ಮನೆಯಲ್ಲಿ ಮಾಡುವ ಯೋಚನೆಯನ್ನೇ ಬಿಡಿರಿ. ಅಲ್ಲಿ ಬೆಂಕಿ, ನೀರು, ಎಣ್ಣೆ ಮೂರೂ ಒಂದೇ ಹಾಳೆಯ ಆಚೀಚೆ ಇರುತ್ತವೆ. ಉರಿಯುವ ಅನಿಲದ ಒತ್ತಡ ಚದರ ಅಂಗುಲಕ್ಕೆ ನೂರಾರು ಪೌಂಡು. ಸಿಲಿಂಡರಿನ ಬಾಯಿಗೆ ಲೋಹದ ಬಳೆ ಕಟ್ಟಿ ಕಾರ್ಖಾನೆಯಲ್ಲಿ ತಯಾರಿಸಿದ ಪ್ಯಾಕಿಂಗು ಮಾತ್ರ ಅದನ್ನು ತಾಳಬಲ್ಲದು. ಹೆಡ್ ಪ್ಯಾಕಿಂಗು ಹೋಗಿದೆಯೆಂದು ನಿರ್ಧರಿಸುವ ಮುನ್ನ ಒಂದು ಎಚ್ಚರ. ಎಣ್ಣೆ ಹುಯ್ಯುವ ಮುಚ್ಚಳದ ಅಡಿಯಲ್ಲಿ ಬಿಳಿಯ ಕೆನೆ ಕಂಡಿತೆಂದು ನಮ್ಮಲ್ಲಿ ಹಲವರು ಹೆದರಿ ತಲೆ ಬಿಚ್ಚಿಸುತ್ತಾರೆ. ಮಲೆನಾಡಿನ ಮಳೆಗಾಲದಲ್ಲಿ, ಮನೆಯಿಂದ ಡೈರಿಯವರೆಗೆ ಎರಡು ಮೈಲಿ ಮಾತ್ರ ಓಡಿಸುವ ಗಾಡಿಯಲ್ಲಿ, ಆ ಕೆನೆ ಬರಿಯ ತೇವದಿಂದಲೂ ಬರುತ್ತದೆ. ಗಾಡಿಯನ್ನು ಚೆನ್ನಾಗಿ ಬಿಸಿಯಾಗುವಂತೆ ಇಪ್ಪತ್ತು ಮೈಲಿ ಓಡಿಸಿ ನೋಡಿರಿ. ಕೆನೆ ಹೋಗದೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತ, ನೀರು ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ ಆಗ ಮೆಕ್ಯಾನಿಕರನ್ನು ಕರೆಯಿಸಿರಿ.

ಹೊಗೆ ಹೋಗುವ ಎಕ್ಸಾಸ್ಟ್ ಕೊಳವೆಯ ಪ್ಯಾಕಿಂಗೂ ಕಾಗದದ ಕೆಲಸವಲ್ಲ. ನೀರೆತ್ತುವ ಒಂಟಿ ಸಿಲಿಂಡರಿನ ಡೀಸೆಲ್ ಇಂಜಿನ್ನಿನಲ್ಲಿ ಸಿಲಿಂಡರಿನ ಬುಡಕ್ಕೆ ಹಾಕುವ ಪ್ಯಾಕಿಂಗನ್ನು ಕೂಡ ಸುಮ್ಮನೆ ಬದಲಿಸಬಾರದು. ಅದರ ದಪ್ಪದ ಮೇಲೆ ಪಿಸ್ಟನ್ನಿಗೂ ತಲೆಗೂ ಇರುವ ಅಂತರ ನಿಂತಿದೆ. ಅದೇ ಇಂಜಿನ್ನಿನ ಇಂಧನ ಪಂಪಿನ ಅಡಿಯಲ್ಲಿರುವ ತೆಳು ತಗಡುಗಳು ಸೋರಿಕೆಗಾಗಿ ಇಟ್ಟವಲ್ಲ, ಡೀಸೆಲ್ ಯಾವ ಕ್ಷಣದಲ್ಲಿ ಚಿಮ್ಮಬೇಕೆಂಬುದನ್ನು ಗೊತ್ತುಮಾಡುವುದಕ್ಕೆ ಇಟ್ಟವು. ಎಷ್ಟಿದ್ದವೋ ಅಷ್ಟನ್ನೇ ಹಿಂದಕ್ಕೆ ಹಾಕಬೇಕು.

ಉಳಿದ ಹೆಚ್ಚಿನವು ನಮ್ಮ ಕೈಗೆಟಕುವ ಕೆಲಸ: ಥರ್ಮೋಸ್ಟ್ಯಾಟ್ ಮುಚ್ಚಳ, ನೀರಿನ ಪಂಪು, ರಾಕರ್ ಮುಚ್ಚಳ, ಪಕ್ಕದ ಟ್ಯಾಪೆಟ್ ಮುಚ್ಚಳ, ಎಣ್ಣೆಯ ಸಂಪು, ಟೈಮಿಂಗ್ ಮುಚ್ಚಳ, ಗೇರು ಪೆಟ್ಟಿಗೆಯ ಮುಚ್ಚಳ, ಪೆಟ್ರೋಲ್ ಪಂಪಿನ ಬುಡ, ಕಾರ್ಬೊರೇಟರಿನ ಬುಡ.

ಹಾಳೆಗಳ ವಿಚಾರ

ಮೊದಲನೆಯದು ಆಯಿಲ್ ಪೇಪರ್ ಎಂದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಕ್ಕುವ ಹದ ಮಾಡಿದ ಕಾಗದ. ಕಾಲು ಮಿಲಿಮೀಟರಿನಿಂದ ಅರ್ಧ ಮಿಲಿಮೀಟರಿನವರೆಗೆ ದಪ್ಪ ಬರುತ್ತದೆ. ಕಡೆದ ಗಟ್ಟಿ ಮುಖಗಳಿಗೆ, ಅಂದರೆ ನೀರಿನ ಪಂಪು, ಥರ್ಮೋಸ್ಟ್ಯಾಟ್, ಟೈಮಿಂಗ್ ಮುಚ್ಚಳ, ಗೇರು ಪೆಟ್ಟಿಗೆ, ಇವಕ್ಕೆ ಇದು ಸರಿ. ಒಂದು ಮೀಟರ್ ತಂದಿಟ್ಟರೆ ಸಣ್ಣ ಬೆಳೆಗಾರನಿಗೆ ಹಲವು ವರ್ಷಗಳಿಗೆ ಸಾಕು.

ಎರಡನೆಯದು ಕಾರ್ಕು, ಅದರಲ್ಲಿಯೂ ರಬ್ಬರ್ ಬೆರೆಸಿದ ಕಾರ್ಕು. ತಗಡಿನಿಂದ ಒತ್ತಿ ಮಾಡಿದ ಮುಚ್ಚಳಗಳು, ಉದಾಹರಣೆಗೆ ರಾಕರ್ ಮುಚ್ಚಳ ಮತ್ತು ಸಂಪು, ಎಂದಿಗೂ ಸಪಾಟಾಗಿರುವುದಿಲ್ಲ. ಅಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ಕಾರ್ಕು ಬೇಕು. ಕಾರ್ಕು ಬೇಸಿಗೆಯಲ್ಲಿ ಒಣಗಿ ಗಿಡ್ಡವಾಗುತ್ತದೆ. ಹೊಸ ಪ್ಯಾಕಿಂಗು ತೂತುಗಳಿಗೆ ಕೂರುತ್ತಿಲ್ಲವೆಂದು ಎಳೆದು ಹರಿಯಬೇಡಿರಿ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿದರೆ ಅದು ತನ್ನ ಅಳತೆಗೆ ಬರುತ್ತದೆ. ಕಾಗದದ ಪ್ಯಾಕಿಂಗು ಕುಗ್ಗಿದ್ದರೆ ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಟ್ಟರೆ ಸಾಕು.

ಮೂರನೆಯದು ತುರ್ತಿನ ಕಾಗದ. ಲಗ್ನಪತ್ರಿಕೆ, ದಪ್ಪ ರಟ್ಟಿನ ಫೈಲು, ಬಿಸ್ಕತ್ತಿನ ಡಬ್ಬದ ಹೊದಿಕೆ ಇವೆಲ್ಲ ನಡೆಯುತ್ತವೆ. ಆದರೆ ಮಿರುಗುವ ಪ್ಲಾಸ್ಟಿಕ್ ಪದರದ ಪತ್ರಿಕೆ ಬೇಡ. ಅದು ಬಿಸಿಗೆ ಕರಗಿ ಜಾರುತ್ತದೆ. ಚಿನ್ನದ ಬಣ್ಣದ ಉಬ್ಬು ಗಣಪತಿ ಇರುವ ಭಾಗವನ್ನೂ ಬಿಟ್ಟು ಕತ್ತರಿಸಿರಿ. ಉಬ್ಬು ಇದ್ದಲ್ಲಿ ಸೋರುವುದು ಖಂಡಿತ. ಅಡಿಕೆ ಹಾಳೆಯಿಂದ ಆಗುವುದಿಲ್ಲವೇ ಎಂದು ಇಬ್ಬರು ಸದಸ್ಯರು ಕೇಳಿದ್ದರು. ನಾನೂ ಪ್ರಯತ್ನಿಸಿ ನೋಡಿದೆ. ಹಾಳೆಗೆ ಉದ್ದಕ್ಕೂ ನಾರಿನ ಗೆರೆಗಳಿವೆ, ಆ ಗೆರೆಯ ಗುಂಟ ನೀರು ಹರಿದು ಬರುತ್ತದೆ. ಒಣಗಿದ ಮೇಲೆ ಬಿರಿಯುತ್ತದೆ. ಹಾಳೆಯನ್ನು ತಟ್ಟೆಗೂ ಟೊಪ್ಪಿಗೂ ಬಿಟ್ಟುಬಿಡುವುದು ಉತ್ತಮ.

ಕಲ್ನಾರಿನ ವಿಷಯ

ಹಿಂದೆ ಬಿಸಿ ಇರುವ ಕಡೆಗಳಿಗೆಲ್ಲ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆತ ಹಾಳೆಯನ್ನು ಬಳಸುತ್ತಿದ್ದರು. ಹಳೆಯ ಜೀಪು ಮತ್ತು ಅಂಬಾಸಿಡರ್ ಇಂಜಿನ್ನಿನ ಮೇಲೆ ಈಗಲೂ ಅಂಟಿಕೊಂಡಿರುವ ಬೂದು ಬಣ್ಣದ ಪ್ಯಾಕಿಂಗು ಬಹುಶಃ ಅದೇ. ಕಲ್ನಾರಿನ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶದೊಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ಅವುಗಳಿಂದ ಶ್ವಾಸಕೋಶದ ಕ್ಯಾನ್ಸರೂ, ಎದೆಗೂಡಿನ ಒಳಪದರದ ಕ್ಯಾನ್ಸರೂ ಬರುತ್ತವೆಂಬುದು ಈಗ ಸಂಶಯವಿಲ್ಲದ ಸಂಗತಿ. ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಆ ಭಾನುವಾರದ ಪ್ಯಾಕಿಂಗು ಕೆಲಸ ಯಾರ ನೆನಪಿನಲ್ಲಿಯೂ ಇರುವುದಿಲ್ಲ.

ಆದುದರಿಂದ ಹಳೆಯ ಪ್ಯಾಕಿಂಗು ಕೆರೆಯುವಾಗ ಅದನ್ನು ಮೊದಲು ನೀರಿನಿಂದ ಚೆನ್ನಾಗಿ ನೆನೆಸಿರಿ. ಒಂದೆರಡು ಹನಿ ಬಟ್ಟೆ ಒಗೆಯುವ ಸಾಬೂನಿನ ನೀರು ಸೇರಿಸಿದರೆ ಬೇಗ ಇಳಿಯುತ್ತದೆ. ಒದ್ದೆಯಾಗಿರುವಾಗಲೇ ಕೆರೆದು, ಕೆರೆದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಒಣಗಿದ್ದನ್ನು ತಂತಿ ಬ್ರಷ್ಷಿನಿಂದ ಉಜ್ಜುವುದು, ಮರಳು ಕಾಗದ ಹಾಕುವುದು, ಬಾಯಿಂದಲೋ ಪಂಪಿನಿಂದಲೋ ಊದುವುದು ಸರ್ವಥಾ ಕೂಡದು. ಮಕ್ಕಳು ಹತ್ತಿರ ಇರಬಾರದು. ಒಲೆಗೆ ಹಾಕಬಾರದು. ಹೊಸ ಹಾಳೆ ಕೊಳ್ಳುವಾಗ ಕಲ್ನಾರು ಇಲ್ಲದ್ದು ಬೇಕು ಎಂದು ಬಾಯಿಬಿಟ್ಟು ಕೇಳಿರಿ. ಅದು ಈಗ ಧಾರಾಳವಾಗಿ ಸಿಕ್ಕುತ್ತದೆ. ಅಟ್ಟದ ಮೇಲೆ ಅಪ್ಪನ ಕಾಲದ ಹಾಳೆಯ ಸುರುಳಿ ಇದ್ದರೆ ಉಳಿತಾಯವೆಂದು ಅದನ್ನು ಇಳಿಸಬೇಡಿರಿ.

ಕತ್ತರಿಸುವ ಕ್ರಮ

ಕೆಲಸ ಆರಂಭಿಸುವ ಮೊದಲು, ತೆರೆದ ರಂಧ್ರಗಳಿಗೆಲ್ಲ ಶುಭ್ರವಾದ ಬಟ್ಟೆಯನ್ನು ತುರುಕಬೇಕು. ಕೆರೆದ ಚೂರು ಎಣ್ಣೆಯ ದಾರಿಗೆ ಬಿದ್ದರೆ ಪ್ಯಾಕಿಂಗಿನ ಸೋರಿಕೆಗಿಂತ ದೊಡ್ಡ ಖರ್ಚು ಬಂದೊದಗುತ್ತದೆ. ತುರುಕಿದ ಬಟ್ಟೆಗಳನ್ನು ಎಣಿಸಿ ಇಟ್ಟುಕೊಳ್ಳಿರಿ. ನಗಬೇಡಿ, ಒಳಗೇ ಉಳಿದ ಬಟ್ಟೆಯನ್ನು ನಾನು ಕಂಡಿದ್ದೇನೆ.

ಹಳೆಯ ಪ್ಯಾಕಿಂಗು ಅರೆಬರೆ ಉಳಿದಿದ್ದರೂ ಎಸೆಯಬಾರದು. ಅದರ ದಪ್ಪವನ್ನು ನೋಡಿಕೊಳ್ಳಬೇಕು, ಅದರ ತೂತುಗಳನ್ನು ಎಣಿಸಿಕೊಳ್ಳಬೇಕು. ಬೋಲ್ಟಿನ ತೂತುಗಳಲ್ಲದೆ ಎಣ್ಣೆ ಮೇಲಕ್ಕೆ ಹೋಗುವ ಅಥವಾ ಕೆಳಗೆ ಇಳಿಯುವ ಸಣ್ಣ ತೂತು ಎಲ್ಲಿಯೋ ಒಂದು ಇರಬಹುದು. ಹೊಸತರಲ್ಲಿ ಅದನ್ನು ಕೊರೆಯಲು ಮರೆತರೆ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೆ ಎಣ್ಣೆಯಿಲ್ಲದೆ ಇಂಜಿನ್ನು ಸಾಯುತ್ತದೆ. ಮನೆಯಲ್ಲಿ ಮಾಡಿದ ಪ್ಯಾಕಿಂಗುಗಳಿಂದ ಆಗುವ ಹಾನಿಗಳಲ್ಲಿ ಇದೇ ಎಲ್ಲಕ್ಕಿಂತ ಕೆಟ್ಟದ್ದು. ಎರಡೂ ಲೋಹದ ಮುಖಗಳ ಮೇಲೆ ಹೊಸ ಹಾಳೆಯನ್ನು ಇಟ್ಟು ಪ್ರತಿಯೊಂದು ರಂಧ್ರವೂ ತೆರೆದಿದೆಯೇ ಎಂದು ಬೆರಳಿಟ್ಟು ನೋಡಿದ ಮೇಲೆಯೇ ಮುಂದುವರಿಯತಕ್ಕದ್ದು.

ಗುರುತು ತೆಗೆಯಲು ಮೂರು ದಾರಿ ಇವೆ. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಮುಚ್ಚಳವಾದರೆ ಅದರ ಮುಖಕ್ಕೆ ಹಳೆಯ ಇಂಜಿನ್ ಎಣ್ಣೆಯನ್ನೋ ಗ್ರೀಸನ್ನೋ ತೆಳ್ಳಗೆ ಸವರಿ, ಕಾಗದದ ಮೇಲೆ ಸೀಲು ಒತ್ತುವಂತೆ ಒತ್ತಿದರೆ ಅಚ್ಚು ಬೀಳುತ್ತದೆ. ಇಂಜಿನ್ನಿಗೇ ಸೇರಿದ ಮುಖವಾದರೆ ಕಾಗದವನ್ನು ಅದರ ಮೇಲೆ ಹಿಡಿದು ಸೀಸದ ಕಡ್ಡಿಯನ್ನು ಮಲಗಿಸಿ ಉಜ್ಜಬೇಕು. ಮಕ್ಕಳು ನಾಣ್ಯದ ಚಿತ್ರ ತೆಗೆಯುವುದು ಹೀಗೆಯೇ. ಮೂರನೆಯದು ಹಳೆಯ ಮೆಕ್ಯಾನಿಕರ ಪದ್ಧತಿ: ಕಾಗದವನ್ನು ಮುಖದ ಮೇಲೆ ಇಟ್ಟು ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಮೇಲೆ ಮೆಲ್ಲಮೆಲ್ಲಗೆ ತಟ್ಟುತ್ತ ಹೋಗುವುದು. ಅಂಚೇ ಕತ್ತರಿಯಾಗಿ ಕಾಗದ ತಾನಾಗಿ ತುಂಡಾಗುತ್ತದೆ. ನೋಡುವುದಕ್ಕೆ ಚೆಂದ, ಕೆಲಸವೂ ಬೇಗ. ಆದರೆ ಇದು ಎರಕದ ಕಬ್ಬಿಣಕ್ಕೆ ಮಾತ್ರ. ಅಲ್ಯೂಮಿನಿಯಂ ಮುಚ್ಚಳದ ಮೇಲೆ ಹೀಗೆ ತಟ್ಟಿದರೆ ಅಂಚು ಜಜ್ಜಿ ಉಬ್ಬುತ್ತದೆ. ಆಮೇಲೆ ಯಾವ ಪ್ಯಾಕಿಂಗು ಹಾಕಿದರೂ ಅದು ಸೋರುತ್ತದೆ. ಕಾರ್ಬೊರೇಟರಿನ ಮೇಲೆ ಸುತ್ತಿಗೆಯನ್ನು ಎತ್ತಲೇಬಾರದು.

ಕತ್ತರಿಸುವಾಗ ಬೋಲ್ಟಿನ ತೂತುಗಳು ಮೊದಲು, ನಡುವಿನ ದೊಡ್ಡ ರಂಧ್ರ ಆಮೇಲೆ, ಹೊರಗಿನ ಅಂಚು ಕೊನೆಗೆ. ಹೊಸಬರು ಇದನ್ನು ತಿರುವುಮುರುವು ಮಾಡಿ, ಹೊರಗಿನ ಆಕಾರವನ್ನು ಚೆನ್ನಾಗಿ ಕತ್ತರಿಸಿದ ಮೇಲೆ ತೂತುಗಳು ಒಂದೆಳೆ ಆಚೆ ಹೋಗಿರುವುದನ್ನು ಕಾಣುತ್ತಾರೆ. ಎರಡು ಎದುರುಬದುರಿನ ತೂತು ಆದ ಕೂಡಲೆ ಬೋಲ್ಟುಗಳನ್ನು ತೂರಿಸಿ ಕಾಗದವನ್ನು ಮುಚ್ಚಳಕ್ಕೆ ನಿಲ್ಲಿಸಿಬಿಟ್ಟರೆ ಮತ್ತೆ ಅದು ಅಲುಗಾಡದು.

ತೂತು ಹೊಡೆಯಲು ಅಂಗಡಿಯಲ್ಲಿ ಪಂಚುಗಳು ಸಿಕ್ಕುತ್ತವೆ. ನಮ್ಮ ಮನೆಯಲ್ಲಿ ಇರುವುದು ಮುರಿದ ಕೊಡೆಯ ಉಕ್ಕಿನ ನಳಿಗೆಯಿಂದ ಮಾಡಿದ್ದು. ಅಂಗೈ ಉದ್ದ ಕತ್ತರಿಸಿ, ತುದಿಯನ್ನು ಹೊರಗಿನಿಂದ ಅರದಲ್ಲಿ ಓರೆಯಾಗಿ ಉಜ್ಜಿ ಹರಿತ ಮಾಡಿಕೊಂಡೆ. ಮಲೆನಾಡಿನ ಮನೆಯಲ್ಲಿ ಮುರಿದ ಕೊಡೆಗೇನು ಬರವೇ? ದಪ್ಪ ಬೇರೆ ಬೇರೆ ಇರುವ ನಾಲ್ಕು ಕೊಡೆಗಳಿಂದ ನಾಲ್ಕು ಅಳತೆಯ ಪಂಚಾಗುತ್ತದೆ. ಕೆಳಗೆ ಮರದ ದಿಮ್ಮಿಯ ಕಡಿದ ತುದಿಯನ್ನು ಇಟ್ಟುಕೊಳ್ಳಬೇಕು. ಹಲಗೆಯ ಮಗ್ಗುಲಿಗಿಂತ ದಿಮ್ಮಿಯ ತುದಿಯಲ್ಲಿ ತೂತು ಸ್ವಚ್ಛವಾಗಿ ಬೀಳುತ್ತದೆ. ತೂತು ಬೋಲ್ಟಿಗಿಂತ ಒಂದು ಮಿಲಿಮೀಟರ್ ದೊಡ್ಡದಿರಲಿ. ಬಿಗಿಯಾದ ತೂತಿಗೆ ಬೋಲ್ಟು ತುರುಕಿದರೆ ಕಾಗದ ಸುಕ್ಕುಗಟ್ಟಿ ಅಂಚಿನಲ್ಲಿ ಸಣ್ಣದಾಗಿ ಹರಿಯುತ್ತದೆ. ಸೋರಿಕೆ ಶುರುವಾಗುವುದು ಅಲ್ಲಿಂದಲೇ. ತಿರುವುಗಳನ್ನು ಕತ್ತರಿಸುವಾಗ ಕತ್ತರಿಯನ್ನು ತಿರುಗಿಸದೆ ಕಾಗದವನ್ನು ತಿರುಗಿಸಬೇಕೆಂಬುದನ್ನು ಹೊಲಿಗೆ ಬಲ್ಲ ಹೆಂಗಸರು ನಮಗೆ ಕಲಿಸಬೇಕಾಗಿಲ್ಲ, ಆದರೂ ನಾವು ಮರೆಯುತ್ತೇವೆ.

ರಾಕರ್ ಮುಚ್ಚಳದಂತಹ ಉದ್ದನೆಯ ಪ್ಯಾಕಿಂಗಿಗೆ ಕಾರ್ಕು ಹಾಳೆ ಸಾಲದಿದ್ದರೆ ಎರಡು ತುಂಡು ಜೋಡಿಸಬಹುದು. ಬರಿದೆ ಒತ್ತಟ್ಟಿಗೆ ಇಡುವುದಲ್ಲ; ಬಡಗಿ ಪೆಟ್ಟಿಗೆಯ ಮೂಲೆಗೆ ಹಾಕುವಂತೆ ಪಾರಿವಾಳದ ಬಾಲದ ಆಕಾರದಲ್ಲಿ ಒಂದರೊಳಗೊಂದು ಕಚ್ಚಿಸಬೇಕು. ಈ ಸಂದು ನೇರವಾದ ಭಾಗದಲ್ಲಿ ಬರಲಿ, ಮೂಲೆಯಲ್ಲಿ ಬೇಡ.

ನನ್ನದೊಂದು ತಪ್ಪು

ದಪ್ಪದ ವಿಷಯವನ್ನು ನಾನು ಇಷ್ಟು ಒತ್ತಿ ಹೇಳುವುದು ಅನುಭವದಿಂದ. ಒಮ್ಮೆ ಜೀಪಿನ ಪೆಟ್ರೋಲ್ ಪಂಪಿನ ಬುಡದಲ್ಲಿ ಎಣ್ಣೆ ಜಿನುಗುತ್ತಿತ್ತು. ಗಟ್ಟಿಯಾಗಿರಲೆಂದು ಎರಡು ಮಿಲಿಮೀಟರಿನ ಕಾರ್ಕು ಹಾಕಿ ಬಿಗಿದೆ. ಜಿನುಗುವುದು ನಿಂತಿತು. ಒಂದು ವಾರದ ಮೇಲೆ, ಕಾಫಿ ಮೂಟೆ ಹೇರಿಕೊಂಡು ಏರು ಹತ್ತುವಾಗಲೆಲ್ಲ ಇಂಜಿನ್ನು ಕೆಮ್ಮಿ ನಿಲ್ಲತೊಡಗಿತು. ಇಳಿಜಾರಿನಲ್ಲಿ ಸರಿಯಾಗಿತ್ತು. ಪ್ಲಗ್ ಬದಲಾಯಿಸಿದೆ, ಟ್ಯಾಂಕು ತೊಳೆಸಿದೆ, ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿದೆ. ಕೊನೆಗೆ ವಯಸ್ಸಾದ ಮೆಕ್ಯಾನಿಕರೊಬ್ಬರು ಬಂದು, ಬೇರೇನನ್ನೂ ಮುಟ್ಟದೆ, ಪಂಪಿನ ಬುಡದ ಕಾರ್ಕನ್ನು ಬೆರಳಿನಿಂದ ತೋರಿಸಿದರು.

ಆ ಪಂಪಿನ ಒಳಗಿರುವ ಸನ್ನೆಯನ್ನು ಇಂಜಿನ್ನಿನ ಕ್ಯಾಮು ತಳ್ಳುತ್ತದೆ. ಪಂಪನ್ನು ನಾನು ಎರಡು ಮಿಲಿಮೀಟರ್ ಹಿಂದಕ್ಕೆ ಸರಿಸಿದ್ದರಿಂದ ಸನ್ನೆಯ ಓಟ ಅಷ್ಟು ಕಡಿಮೆಯಾಗಿ, ಹೆಚ್ಚು ಪೆಟ್ರೋಲು ಬೇಕಾದಾಗ ಸಾಲದೆ ಹೋಗುತ್ತಿತ್ತು. ಇದಕ್ಕೆ ವಿರುದ್ಧವಾಗಿ, ಪಂಪಿನ ಬುಡದಲ್ಲಿ ಕಾರ್ಖಾನೆಯವರೇ ದಪ್ಪನೆಯ ಗಟ್ಟಿ ತುಂಡು ಇಟ್ಟಿದ್ದರೆ ಅದನ್ನು ತೆಗೆದು ಕಾಗದ ಮಾತ್ರ ಹಾಕುವುದೂ ತಪ್ಪೇ. ಆಗ ಸನ್ನೆ ಮಿತಿಮೀರಿ ತಳ್ಳಲ್ಪಟ್ಟು ಮುರಿಯಬಹುದು. ಕೆಲವು ಎಣ್ಣೆ ಪಂಪುಗಳ ಮುಚ್ಚಳದ ಪ್ಯಾಕಿಂಗು ಇನ್ನೂ ಸೂಕ್ಷ್ಮ: ದಪ್ಪವಾದರೆ ಗೇರುಗಳ ಪಕ್ಕದಿಂದ ಎಣ್ಣೆ ಹಿಂದಕ್ಕೆ ಜಾರಿ ಒತ್ತಡ ಬೀಳುತ್ತದೆ, ತೆಳುವಾದರೆ ಗೇರುಗಳು ಮುಚ್ಚಳಕ್ಕೆ ಉಜ್ಜುತ್ತವೆ. ಇಲ್ಲಿ ಹಳೆಯದರ ದಪ್ಪವನ್ನು ಅಳೆದು ಅಷ್ಟನ್ನೇ ಹಾಕಬೇಕು.

ಕೂರಿಸುವುದು ಮತ್ತು ಬಿಗಿಯುವುದು

ತಗಡಿನ ಮುಚ್ಚಳಗಳ ಬೋಲ್ಟಿನ ತೂತಿನ ಸುತ್ತ ಬೆರಳಾಡಿಸಿ ನೋಡಿರಿ. ಯಾರೋ ಹಿಂದೆ ಅತಿಯಾಗಿ ಬಿಗಿದು ಅಲ್ಲಿ ತಗಡು ಒಳಕ್ಕೆ ಎದ್ದು ನಿಂತಿರುತ್ತದೆ. ಮರದ ತುಂಡಿನ ಮೇಲೆ ಇಟ್ಟು ತಟ್ಟಿ ಸಮ ಮಾಡಿದ ಹೊರತು ಹೊಸ ಕಾರ್ಕು ಪ್ರಯೋಜನಕ್ಕೆ ಬಾರದು. ಕಾರ್ಕನ್ನು ಮುಚ್ಚಳದ ಕಡೆಗೆ ಮಾತ್ರ ಅಂಟಿಸಿ, ಮೇಲೆ ಭಾರ ಹೇರಿ ಒಣಗಿಸಬೇಕು. ಇಂಜಿನ್ನಿನ ಕಡೆಗೆ ಗ್ರೀಸ್ ಸವರಿದರೆ ಸಾಕು. ಮುಂದಿನ ಸಲ ಟ್ಯಾಪೆಟ್ ನೋಡಲು ಬಿಚ್ಚಿದಾಗ ಅದೇ ಪ್ಯಾಕಿಂಗು ಹರಿಯದೆ ಬರುತ್ತದೆ.

ಬೋಲ್ಟುಗಳನ್ನು ಎಲ್ಲವನ್ನೂ ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಉದ್ದನೆಯ ಮುಚ್ಚಳವಾದರೆ ನಡುವಿನಿಂದ ತುದಿಗಳ ಕಡೆಗೆ. ಕಾರ್ಕು ತನ್ನ ದಪ್ಪದಲ್ಲಿ ಮೂರನೆಯ ಒಂದು ಭಾಗ ಕುಗ್ಗಿದರೆ ಸಾಕು. ಪಕ್ಕಕ್ಕೆ ಉಬ್ಬಿ ಹೊರಬಂದರೆ ಅದು ಆಗಲೇ ಬಿರಿದಿದೆ ಎಂದರ್ಥ. ಸಣ್ಣ ಸ್ಪ್ಯಾನರ್ ಬಳಸಿರಿ, ಅದನ್ನು ನಡುವೆ ಹಿಡಿಯಿರಿ. ಇಂಜಿನ್ನನ್ನು ಬಿಸಿ ಮಾಡಿ ತಣಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು.

ಅಂಬಾಸಿಡರ್ ಇರುವವರಿಗೆ ಎರಡು ಮಾತು. ಅದರ ರಾಕರ್ ಮುಚ್ಚಳ ಎರಡೇ ನಟ್ಟುಗಳ ಮೇಲೆ ನಿಂತಿದೆ. ಆ ನಟ್ಟುಗಳ ಅಡಿಯ ರಬ್ಬರ್ ವಾಷರುಗಳು ಗಟ್ಟಿಯಾಗಿ ಅಲ್ಲಿಂದ ಎಣ್ಣೆ ಇಳಿಯುತ್ತದೆ. ದೂರು ಮಾತ್ರ ಕಾರ್ಕಿನ ಮೇಲೆ. ಹಾಗೆಯೇ ಇಂಜಿನ್ನಿನ ಪಕ್ಕದಲ್ಲಿ, ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಎರಡು ಟ್ಯಾಪೆಟ್ ಮುಚ್ಚಳಗಳಿವೆ. ಸಂಪು ಸೋರುತ್ತದೆಯೆಂದು ಗಾಡಿಯ ಅಡಿಯಲ್ಲಿ ಮಲಗುವ ಮುನ್ನ ಆ ಎರಡನ್ನು ಒರೆಸಿ, ಒಂದು ದಿನ ಓಡಿಸಿ ನೋಡಿರಿ. ಎಣ್ಣೆ ಕೆಳಗೆ ಕಂಡರೂ ಸೋರುತ್ತಿರುವುದು ಮೇಲಿನಿಂದ ಇರಬಹುದು.

ಈಗ ಕೊಳವೆಯಲ್ಲಿ ಬರುವ ಸಿಲಿಕೋನ್ ಅಂಟನ್ನು ಎಲ್ಲದಕ್ಕೂ ಮೆತ್ತುವ ಅಭ್ಯಾಸ ಬಂದಿದೆ. ಅದು ಒಳ್ಳೆಯ ವಸ್ತುವೇ. ಆದರೆ ಬೆರಳು ದಪ್ಪ ಹಚ್ಚಿದರೆ ಅರ್ಧ ಹೊರಗೆ ಬರುತ್ತದೆ, ಅರ್ಧ ಒಳಗೆ ಹೋಗಿ ಹುಳುವಿನಂತೆ ಕಳಚಿ ಎಣ್ಣೆಯ ಜಾಲರಿಯನ್ನು ಮುಚ್ಚುತ್ತದೆ. ತೆಳುವಾದ ಒಂದು ಗೆರೆ ಸಾಕು, ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಬೇಕು. ಪೆಟ್ರೋಲ್ ತಾಗುವ ಕಡೆ ಅದನ್ನು ಹಚ್ಚಲೇಬಾರದು. ಪೆಟ್ರೋಲಿನಲ್ಲಿ ಅದು ಊದಿ ಮೆತ್ತಗಾಗುತ್ತದೆ. ಅರಗಿನ ದ್ರಾವಣ, ಅಂದರೆ ಶೆಲಾಕ್ ಹಚ್ಚುವ ಹಳೆಯ ಪದ್ಧತಿಯೂ ಪೆಟ್ರೋಲ್ ಸಂದುಗಳಲ್ಲಿ ಈಗ ಬೇಡ. ಅರಗು ಮದ್ಯಸಾರದಲ್ಲಿ ಕರಗುವ ಪದಾರ್ಥ. 2025ರಿಂದ ನಮ್ಮ ಬಂಕುಗಳಲ್ಲಿ ಸಿಕ್ಕುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಎಂಬ ಮದ್ಯಸಾರವೇ ಬೆರೆತಿರುತ್ತದೆ. ಪೆಟ್ರೋಲಿನ ಕಡೆ ಸರಿಯಾದ ಹಾಳೆಯನ್ನು ಏನೂ ಹಚ್ಚದೆ ಒಣದಾಗಿ ಹಾಕಿ, ಚಾಲೂ ಮಾಡಿ, ಟಾರ್ಚು ಹಿಡಿದು ಸುತ್ತಲೂ ನೋಡಬೇಕು. ಬೀಡಿ ಸೇದುವವರನ್ನು ದೂರ ಕಳುಹಿಸಬೇಕು. ಒಂದು ಹನಿ ಕಂಡರೂ ಗಾಡಿ ಹೊರಡಕೂಡದು. ನೀರು ಸೋರಿದರೆ ಗಾಡಿ ನಿಲ್ಲುತ್ತದೆ, ಪೆಟ್ರೋಲ್ ಸೋರಿದರೆ ಗಾಡಿ ಸುಡುತ್ತದೆ.

ಕಾರ್ಬೊರೇಟರಿನ ಬುಡದ ಪ್ಯಾಕಿಂಗು ಗಾಳಿ ಎಳೆಯುತ್ತಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಇಂಜಿನ್ನು ಸುಮ್ಮನೆ ತಿರುಗುವಾಗ ಒಂದೇ ಸಮನೆ ನಿಲ್ಲದೆ ಏರಿಳಿಯುತ್ತದೆ. ಎಣ್ಣೆ ಕುಡಿಕೆಯಿಂದ ನಾಲ್ಕು ಹನಿ ಇಂಜಿನ್ ಎಣ್ಣೆಯನ್ನು ಆ ಸಂದಿನ ಸುತ್ತ ಬಿಟ್ಟು ಕಿವಿಗೊಟ್ಟು ಕೇಳಿರಿ. ಶಬ್ದ ಬದಲಾದರೆ ಗಾಳಿ ಅಲ್ಲಿಂದಲೇ ಹೋಗುತ್ತಿದೆ. ಇದಕ್ಕೆ ಪೆಟ್ರೋಲನ್ನು ಎರಚಿ ನೋಡುವ ಧೈರ್ಯಶಾಲಿಗಳೂ ಇದ್ದಾರೆ. ಅವರ ಬಳಿ ನಿಲ್ಲಬೇಡಿರಿ.

ತಾಮ್ರದ ವಾಷರುಗಳು

ಡೀಸೆಲ್ ಕೊಳವೆಗಳ ಸಂದಿನಲ್ಲಿ ಮತ್ತು ಎಣ್ಣೆ ಇಳಿಸುವ ಬಿರಡೆಯಲ್ಲಿ ತಾಮ್ರದ ವಾಷರುಗಳಿರುತ್ತವೆ. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗುತ್ತದೆ, ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಹೊಸದು ಇಲ್ಲದಿದ್ದರೆ ಹಳೆಯದನ್ನೇ ತಂತಿಗೆ ಸಿಕ್ಕಿಸಿ ಗ್ಯಾಸ್ ಒಲೆಯ ಉರಿಯಲ್ಲಿ ಮಬ್ಬುಗೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಕಬ್ಬಿಣ ಹೀಗೆ ಮಾಡಿದರೆ ಗಡುಸಾಗುತ್ತದೆಯಲ್ಲ ಎಂದು ಕಮ್ಮಾರನ ಕೆಲಸ ನೋಡಿದವರು ಕೇಳುವರು. ಗಡುಸಾಗುವುದು ಇಂಗಾಲ ಬೆರೆತ ಉಕ್ಕು. ತಾಮ್ರದ ಗುಣ ಬೇರೆ, ಬೇಗ ತಣಿಸಿದರೂ ನಿಧಾನವಾಗಿ ತಣಿಸಿದರೂ ಅದು ಮೆತ್ತಗೇ ಇರುತ್ತದೆ. ಮೇಲಿನ ಕಪ್ಪನ್ನು ಹುಣಿಸೆಹಣ್ಣಿನಿಂದ ಉಜ್ಜಿ ತೆಗೆಯಬಹುದು. ಇಂಜೆಕ್ಟರಿನ ಬುಡದಲ್ಲಿ ಹಳೆಯ ವಾಷರು ಒಳಗೇ ಅಂಟಿ ಉಳಿದಿರುವಾಗ ಅದರ ಮೇಲೆ ಇನ್ನೊಂದನ್ನು ಹಾಕಿಬಿಡುವುದುಂಟು. ಟಾರ್ಚು ಬಿಟ್ಟು ಒಳಗೆ ನೋಡಿದ ಮೇಲೆಯೇ ಹೊಸದನ್ನು ಇಳಿಸಬೇಕು.

ಕೈಪಂಪು ಮತ್ತು ಪೆಡಲ್ ಪಂಪುಗಳ ಚರ್ಮದ ಬಟ್ಟಲುಗಳ ವಿಚಾರ ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ. ಇಲ್ಲಿ ಒಂದೇ ಮಾತು: ಬೋರ್ಡೋ ದ್ರಾವಣ ಹೊಡೆದ ದಿನವೇ ಪಂಪನ್ನು ಶುದ್ಧ ನೀರಿನಿಂದ ತೊಳೆಯದೆ ಇಟ್ಟರೆ ಮೈಲುತುತ್ತ ಕಬ್ಬಿಣದ ಮುಖವನ್ನು ತಿಂದು ಗುಳಿ ಮಾಡುತ್ತದೆ. ಗುಳಿ ಬಿದ್ದ ಮುಖಕ್ಕೆ ಪ್ಯಾಕಿಂಗು ಕತ್ತರಿಸುವುದು ವ್ಯರ್ಥ.

ಒಮ್ಮೆ ಸರಿಯಾಗಿ ಬಂದ ಪ್ಯಾಕಿಂಗಿನ ಆಕಾರವನ್ನು ದಪ್ಪ ರಟ್ಟಿನ ಮೇಲೆ ಬರೆದು ಕತ್ತರಿಸಿ, ಯಾವ ಗಾಡಿಯ ಯಾವ ಭಾಗ, ಕಾಗದವೇ ಕಾರ್ಕೇ, ಎಷ್ಟು ದಪ್ಪ ಎಂಬುದನ್ನು ಅದರ ಮೇಲೆಯೇ ಬರೆದಿಡಿರಿ. ತಯಾರಾದ ಪ್ಯಾಕಿಂಗುಗಳನ್ನು ಮಡಿಸಬಾರದು, ಮೊಳೆಗೂ ತೂಗುಹಾಕಬಾರದು. ಎರಡು ಹಲಗೆಗಳ ನಡುವೆ ಸಪಾಟಾಗಿ ಇಡಬೇಕು. ನನ್ನವು ಹಳೆಯ ಪಂಚಾಂಗಗಳ ನಡುವೆ ಇವೆ. ಗಾಡಿಯ ಪೆಟ್ಟಿಗೆಯಲ್ಲಿ ಒಂದು ಅಡಿ ಆಯಿಲ್ ಪೇಪರ್, ಸಣ್ಣ ಡಬ್ಬಿಯಲ್ಲಿ ಗ್ರೀಸ್, ಹರಿತವಾದ ಚಾಕು, ಕೊಡೆಯ ನಳಿಗೆಯ ಒಂದು ಪಂಚು ಮತ್ತು ಎರಡು ಬಾಟಲಿ ನೀರು ಇರಲಿ.